ಬಾದುಷಾನ ಮಂಡಿ

ನಮ್ಮ ಮನೆಯ ನಾಯಿಗೆ ಬಾದುಷಾ ಎಂದು ಹೆಸರಿಟ್ಟವನು ನಾನೇ. ಮರಿಯಾಗಿ ಬಂದಾಗ ಅವನ ಮೈಬಣ್ಣ, ದುಂಡಗೆ ಮುದುರಿ ಮಲಗುವ ರೀತಿ, ಎರಡೂ ಬೇಕರಿಯ ಗಾಜಿನ ಹಿಂದಿನ ಬಾದುಷಾವನ್ನೇ ಹೋಲುತ್ತಿದ್ದವು. ಕೇಳಿದವರಿಗೆ ಮಾತ್ರ ‘ಚಕ್ರವರ್ತಿ ಅಂತ ಅರ್ಥ’ ಎಂದು ಹೇಳುತ್ತಿದ್ದೆ. ಲ್ಯಾಬ್ರಡಾರ್ ಜಾತಿಯ ನಾಯಿಗೆ ತಿಂಡಿಯ ಹೆಸರಿಡುವುದು ಕುಡುಕನಿಗೆ ಬಾರಿನ ಮೇಲೆಯೇ ಮನೆ ಮಾಡಿಕೊಟ್ಟ ಹಾಗೆ ಎಂಬುದು ಗೊತ್ತಾದದ್ದು ಐದು ವರ್ಷ ಕಳೆದು, ಅವನ ಎಡ ಹಿಂಗಾಲಿನ ಮಂಡಿ ಹೋದ ಮೇಲೆ.

ಮಂಡಿ ಹೋದ ಬಗೆಯನ್ನು ಬೀದಿಯವರಿಗೆ ಹೀಗೆ ಹೇಳಿದ್ದೆ: ಸರಿರಾತ್ರಿಯಲ್ಲಿ ಯಾರೋ ಕಳ್ಳಹೆಜ್ಜೆಯಲ್ಲಿ ಮನೆಯೊಳಗೆ ಓಡಾಡಿದರು, ಬಾದುಷಾ ಸಿಂಹದ ಹಾಗೆ ಹಾರಿದ, ಕಾಲು ಉಳುಕಿತು. ಹನುಮಂತನಗರದ ನಮ್ಮ ಅಡ್ಡರಸ್ತೆಯಲ್ಲಿ ಎರಡು ದಿನ ಅವನಿಗೆ ಒಳ್ಳೆಯ ಹೆಸರಿತ್ತು. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಗೋಕುಲಾಷ್ಟಮಿಯ ಮಾರನೆಯ ರಾತ್ರಿ ಹನ್ನೊಂದೂವರೆಗೆ ಕಳ್ಳಹೆಜ್ಜೆಯಲ್ಲಿ ಓಡಾಡಿದವನು ನಾನು ಎಂಬುದೊಂದನ್ನು ಬಿಟ್ಟಿದ್ದೆ, ಅಷ್ಟೆ.

ಅಡುಗೆಮನೆಯಲ್ಲಿ ನಿಪ್ಪಟ್ಟಿನ ಡಬ್ಬಿಯ ಎದುರು ನಿಂತಿದ್ದೆ. ಸ್ಟೀಲ್ ಡಬ್ಬಿಯ ಮುಚ್ಚಳವನ್ನು ಸದ್ದಿಲ್ಲದೆ ತೆಗೆಯುವುದರಲ್ಲಿ ನನಗೆ ಇಪ್ಪತ್ತೆಂಟು ವರ್ಷದ ಅನುಭವ. ಮದುವೆಯಾಗಿ ಅಷ್ಟೇ ವರ್ಷವಾಯಿತು. ಒಂದು ಅಂಗೈಯಿಂದ ಮುಚ್ಚಳವನ್ನು ಒತ್ತಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳನ್ನು ಅಂಚಿನ ಕೆಳಗೆ ತೂರಿಸಿ, ಸುತ್ತಲೂ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಬರಬೇಕು. ಮಹಡಿಯಲ್ಲಿ ಮಲಗಿದ ಹೆಂಡತಿಗಾಗಲಿ, ಮಗಳಿಗಾಗಲಿ, ಪಕ್ಕದ ಕೋಣೆಯ ಅಮ್ಮನಿಗಾಗಲಿ ಕೇಳುವುದಿಲ್ಲ. ಹಾಲಿನ ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದ ಬಾದುಷಾನಿಗೆ ಕೇಳಿತು. ಎದ್ದವನೇ ನೆಗೆದ. ಊಟದ ಮೇಜನ್ನು ಬಳಸಿ ತಿರುಗುವಾಗ, ಹೊಳಪಿನ ಟೈಲ್ಸಿನ ಮೇಲೆ ಅವನ ಮುಂಗಾಲು ಅಡುಗೆಮನೆಯ ಕಡೆಗೂ ಹಿಂಗಾಲು ದೇವರಮನೆಯ ಕಡೆಗೂ ಹೋದವು. ‘ಕುಂಯ್’ ಎಂದ. ಎಡ ಹಿಂಗಾಲನ್ನು ಎತ್ತಿ ಹಿಡಿದು ಮೂರೇ ಕಾಲಿನಲ್ಲಿ ಕುಪ್ಪಳಿಸುತ್ತ ಬಂದು, ನನ್ನ ಕೈಯಲ್ಲಿದ್ದ ನಿಪ್ಪಟ್ಟನ್ನು ಪೂರ್ತಿ ತಿಂದ. ಆಮೇಲೆ ಕೂತು ಅತ್ತ.

ಬೆಳಗಾದರೆ ಮನೆಯಲ್ಲಿ ವೈದ್ಯರಿಗೆ ಬರವಿರಲಿಲ್ಲ. ಅಮ್ಮ ಉಪ್ಪು, ಒಣಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದಳು. ಮನೆಮಂದಿಯೆಲ್ಲ ಕೆಮ್ಮಿ ಕಣ್ಣೊರೆಸಿಕೊಳ್ಳುತ್ತಿದ್ದರೆ, “ನೋಡಿದ್ಯಾ, ಒಂದು ಚೂರೂ ಘಾಟಿಲ್ಲ! ಎಂಥಾ ದೃಷ್ಟಿ ತಾಗಿದೆ ಮಗೂಗೆ” ಎಂದಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನ್ನ ಹೆಂಡತಿ, ಪ್ರಮೇಯದ ಕೊನೆಯ ಸಾಲಿನ ಹಾಗೆ, “ಡಾಕ್ಟರ ಹತ್ರ ಕರ್ಕೊಂಡ್ಹೋಗಿ” ಎಂದಳು. ನಾನು ಒಪ್ಪಲಿಲ್ಲ. ಡಾಕ್ಟರು ಮೊದಲು ಕೇಳುವ ಪ್ರಶ್ನೆಯೇ ‘ಹೇಗಾಯ್ತು?’

ಹಾಗಾಗಿ ಚಿಕಿತ್ಸೆಯನ್ನು ನಾನೇ ಕೈಗೆತ್ತಿಕೊಂಡೆ. ಮೊದಲು ಮುಳ್ಳು ಎಂದು ತೀರ್ಮಾನಿಸಿ, ಟಾರ್ಚು ಹಿಡಿದು ಪಾದವನ್ನೆಲ್ಲ ಸೋಸಿದೆ. ಮುಳ್ಳು ಸಿಗಲಿಲ್ಲ. ಮಾರನೆಯ ದಿನ ರೋಗವನ್ನು ಉಳುಕಿಗೆ ಬಡ್ತಿ ಕೊಟ್ಟು, ಅಮ್ಮನ ನಾರಾಯಣ ತೈಲವನ್ನು ಬೆಚ್ಚಗೆ ಮಾಡಿ ಮಂಡಿಗೆ ಹಚ್ಚಿ ತಿಕ್ಕತೊಡಗಿದೆ. ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ, ಒಂದು ವಾರ. ನಾನು ತಿಕ್ಕಿದಷ್ಟನ್ನೂ ಅವನು ನೆಕ್ಕುತ್ತಿದ್ದ. ಆರನೆಯ ದಿನ ನನ್ನ ಐಬುಪ್ರೊಫೆನ್ ಮಾತ್ರೆಯಲ್ಲಿ ಅರ್ಧ ಮುರಿದು ಅವನ ಬಾಯಿಗಿಡಲು ಹೊರಟಾಗ ಮಗಳು ಕೈ ಹಿಡಿದಳು. “ಅಪ್ಪಾ, ಇದು ನಾಯಿಗಳಿಗೆ ವಿಷ. ಹೊಟ್ಟೇಲಿ ಹುಣ್ಣಾಗತ್ತೆ, ಕಿಡ್ನಿ ಹೋಗತ್ತೆ.” ವಾರವಿಡೀ ಬಗ್ಗಿ ಎಣ್ಣೆ ತಿಕ್ಕಿ ನನ್ನ ಸೊಂಟ ಹಿಡಿದಿತ್ತು. ಮುರಿದ ಎರಡೂ ಅರ್ಧವನ್ನು ನಾನೇ ನುಂಗಿದೆ.

ಕೊನೆಗೆ ಹೋದೆವು, ನಾಲ್ವರೂ. ಮನುಷ್ಯರ ಆಸ್ಪತ್ರೆಗೆ ನಮ್ಮ ಮನೆಯವರು ಇಷ್ಟು ಜನ ಒಟ್ಟಿಗೆ ಹೋದದ್ದು ಮಗಳು ಹುಟ್ಟಿದಾಗ ಮಾತ್ರ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಾದುಷಾನನ್ನು ಮುಟ್ಟುವ ಮೊದಲು ಸುಮ್ಮನೆ ಅವನು ಕೂರುವುದನ್ನು ನೋಡಿದರು. ಪಡ್ಡೆ ಹುಡುಗರು ಅಂಗಡಿ ಕಟ್ಟೆಯ ಮೇಲೆ ಒಂದು ಕಾಲು ಚಾಚಿ ಕೂತ ಹಾಗೆ, ಎಡಗಾಲನ್ನು ಪಕ್ಕಕ್ಕೆ ಎಸೆದು ಕೂತಿದ್ದ. ಅದನ್ನು ನಾವು ಐದಾರು ತಿಂಗಳಿಂದ ‘ಸ್ಟೈಲು’ ಎಂದುಕೊಂಡು ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದ್ದೆವು. ಮಂಡಿ ಪೂರ್ತಿ ಮಡಿಸಲಾಗದ ನಾಯಿ ಹಾಗೆ ಕೂರುತ್ತದಂತೆ.

“ಮನೇಲಿ ಏನಾದ್ರೂ ಮಾಡಿದ್ರಾ ಸಾರ್?”

“ಮಂಡಿಗೆ ಎಣ್ಣೆ ಹಚ್ಚಿ ನೀವ್ತಾ ಇದ್ದೆ,” ಎಂದು ಹೆಮ್ಮೆಯಿಂದ ಜಾಗ ತೋರಿಸಿದೆ.

ಡಾಕ್ಟರು ಒಂದು ಕ್ಷಣ ತಡೆದರು. “ಸಾರ್, ಅದು ಹಿಮ್ಮಡಿ.”

ನಾಯಿಯ ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಮಡಿಸಿಕೊಂಡ ಒಂದು ಗೆಣ್ಣು ಕಾಣುತ್ತದಲ್ಲ, ನಾನು ಹುಟ್ಟಿದಾರಭ್ಯ ಅದನ್ನೇ ಮಂಡಿ ಎಂದುಕೊಂಡಿದ್ದೆ. ನಾಯಿಗಳು ತುದಿಗಾಲಿನಲ್ಲಿ ನಡೆಯುವ ಜನ. ಅವುಗಳ ಹಿಮ್ಮಡಿ ಯಾವಾಗಲೂ ಮೇಲೆಯೇ ಇರುತ್ತದೆ. ಅಸಲು ಮಂಡಿ ಇನ್ನೂ ಮೇಲೆ, ಹೊಟ್ಟೆಯ ಹತ್ತಿರ, ತೊಡೆಯ ಮಾಂಸದಲ್ಲಿ ಅಡಗಿ, ನಮ್ಮ ಮಂಡಿಯ ಹಾಗೆಯೇ ಮುಂದಕ್ಕೆ ಮುಖ ಮಾಡಿಕೊಂಡಿರುತ್ತದೆ. ಅಂದರೆ ನಾನು ಒಂದು ವಾರ, ಒಟ್ಟು ನಾಲ್ಕೂವರೆ ಗಂಟೆಗೂ ಹೆಚ್ಚು ಕಾಲ, ಮಂಡಿ ಹೋದ ರೋಗಿಯ ಹಿಮ್ಮಡಿಗೆ ಎಣ್ಣೆ ತಿಕ್ಕಿದ್ದೆ. ಹೆಂಡತಿ ಗೋಡೆಯ ಮೇಲಿನ ಬೆಕ್ಕಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಅವಳ ಭುಜ ಮಾತ್ರ ಅಲುಗಾಡುತ್ತಿತ್ತು.

ಆಮೇಲೆ ಅವನನ್ನು ಮಗ್ಗುಲಾಗಿ ಮಲಗಿಸಿ, ಒಂದು ಕೈಯಲ್ಲಿ ತೊಡೆಮೂಳೆ, ಇನ್ನೊಂದರಲ್ಲಿ ಮೊಳಕಾಲಿನ ಮೂಳೆ ಹಿಡಿದು ಮುಂದಕ್ಕೆ ಎಳೆದು ತೋರಿಸಿದರು. ಮೇಜಿನ ಡ್ರಾಯರು ಹೊರಬಂದ ಹಾಗೆ ಕೆಳಗಿನ ಮೂಳೆ ಮುಂದಕ್ಕೆ ಬಂತು. ಪರೀಕ್ಷೆಯ ಹೆಸರೂ ಡ್ರಾಯರ್ ಪರೀಕ್ಷೆಯೇ. ಬ್ಯಾಂಕಿನಲ್ಲಿ ನನ್ನ ಮೇಜಿನ ಡ್ರಾಯರು ಹದಿನಾರು ವರ್ಷದಿಂದ ಒದ್ದರೂ ತೆರೆಯುವುದಿಲ್ಲ. ತೆರೆಯಬಾರದ ಜಾಗದಲ್ಲಿ ಇಷ್ಟು ಸಲೀಸು. ಮಂಡಿಯೊಳಗೆ ಎರಡು ಮೂಳೆಯನ್ನು ಕಟ್ಟಿಹಾಕಿರುವ ಅಸ್ಥಿರಜ್ಜು ಕಿತ್ತುಹೋಗಿದೆ ಎಂದರು ಡಾಕ್ಟರು. ಫುಟ್‌ಬಾಲ್ ಆಟಗಾರರಿಗೆ ಆಗುವುದೂ ಇದೇ. ಅವರು ಅದನ್ನು ಎ.ಸಿ.ಎಲ್. ಎನ್ನುತ್ತಾರೆ, ನಾಯಿಗಳಲ್ಲಿ ಮೊದಲ ಅಕ್ಷರ ‘ಸಿ’ ಆಗುತ್ತದೆ.

“ಹಾಗಾದ್ರೆ ಅವತ್ತು ರಾತ್ರಿ ಜಾರಿದ್ರಿಂದಲೇ...” ಎಂದು ನಾನು ತಗ್ಗಿದ ದನಿಯಲ್ಲಿ ತೆಗೆದೆ.

“ಒಂದು ರಾತ್ರೀದಲ್ಲ ಸಾರ್. ಆಟಗಾರರಿಗಾದ್ರೆ ಪಟ್ ಅಂತ ಒಂದೇ ಸಲ ಹರಿಯತ್ತೆ. ನಾಯಿಗಳಿಗೆ ಹಾಗಲ್ಲ. ಬಾವಿ ಹಗ್ಗ ನೋಡಿದ್ದೀರಲ್ಲ, ಒಂದೊಂದೇ ಎಳೆ ಸವೀತಾ ಬರತ್ತೆ. ತಿಂಗಳುಗಟ್ಲೆ. ಕೊನೇ ಎಳೆ ಯಾವತ್ತೋ ಒಂದಿನ ಹೋಗತ್ತೆ.”

ಎದೆಯ ಮೇಲಿಂದ ಭಾರ ಇಳಿಯಿತು. ಪೂರ್ತಿ ಇಳಿಯುವಷ್ಟರಲ್ಲಿ ಅವರು ಮುಂದುವರಿಸಿದರು: “ತೂಕ ಜಾಸ್ತಿ ಇದ್ರೆ ಬೇಗ ಸವಿಯತ್ತೆ.” ಅಂದರೆ ಕಾರಣ ಒಂದು ನಿಪ್ಪಟ್ಟಲ್ಲ. ಐದು ವರ್ಷದ ನಿಪ್ಪಟ್ಟು.

ಬಾಗಿಲ ಬಳಿ ನೆಲಮಟ್ಟಕ್ಕಿದ್ದ ಅಗಲದ ತಕ್ಕಡಿಯ ಮೇಲೆ ಬಾದುಷಾನನ್ನು ನಿಲ್ಲಿಸಿದರು. 38 ಕೆ.ಜಿ. ಡಾಕ್ಟರು ನಮ್ಮ ಕೈಗಳನ್ನೇ ಉಪಯೋಗಿಸಿ ಪಾಠ ಹೇಳಿದರು. ನಾಯಿಯ ಪಕ್ಕೆಲುಬಿನ ಮೇಲೆ ಬೆರಳಾಡಿಸಿದರೆ ಮುಷ್ಟಿ ಹಿಡಿದ ಗೆಣ್ಣಿನ ಹಾಗೆ ಸಿಕ್ಕರೆ ಬಡಕಲು. ಕೈ ಚಾಚಿ ಅಂಗೈಯ ಹಿಂಭಾಗ ಮುಟ್ಟಿದ ಹಾಗೆ ಸಿಕ್ಕರೆ ಸರಿ. ಅಂಗೈಯನ್ನೇ ಮುಟ್ಟಿದ ಹಾಗಿದ್ದರೆ ದಪ್ಪ. ನಾನು ಬಾದುಷಾನ ಪಕ್ಕೆ ಮುಟ್ಟಿದೆ. ಅಂಗೈಯಲ್ಲ, ಮೈಸೂರಿನ ದಸರಾ ಆನೆಗೆ ಹೊದಿಸುವ ಗಾದಿ. ಮಾತು ಬದಲಿಸಲು ನಮ್ಮ ಮುಧೋಳದ ನಾಯಿಗಳ ಪ್ರಸ್ತಾಪ ತೆಗೆದು, “ಅವುಗಳ ಪಕ್ಕೆಲುಬನ್ನ ದೂರದಿಂದಲೇ ಎಣಿಸಬಹುದು ಅಲ್ವಾ ಡಾಕ್ಟ್ರೇ” ಎಂದೆ. “ಅವು ಓಡ್ತವೆ ಸಾರ್” ಎಂದರು.

ನಂತರ ವಿಚಾರಣೆ. “ದಿನಕ್ಕೆ ಏನೇನು ಕೊಡ್ತೀರ?”

“ಎರಡು ಹೊತ್ತು ಪೆಡಿಗ್ರಿ ಥರದ್ದು, ಅಷ್ಟೇ,” ಎಂದಳು ಹೆಂಡತಿ.

“ಬೇರೇನೂ ಇಲ್ಲ?”

“ದೇವರಾಣೆ ಇಲ್ಲ ಡಾಕ್ಟರಮ್ಮ,” ಎಂದಳು ಅಮ್ಮ. “ಬೆಳಿಗ್ಗೆ ಒಂದು ತುತ್ತು ಹಾಲನ್ನ ಹಾಕ್ತೀನಿ. ಅದು ಊಟದ ಲೆಕ್ಕಕ್ಕಿಲ್ಲ. ದೇವರ ನೈವೇದ್ಯ ಆದ್ಮೇಲೆ ಒಂದು ಬಾಳೆಹಣ್ಣು. ಅದು ಪ್ರಸಾದ.”

ಮಗಳು, ಕಾಲೇಜಿನಿಂದ ಬಂದ ಮೇಲೆ ಚೀಸು ‘ಒಂದೇ ಒಂದು ಸ್ಲೈಸು’ ಎಂದಳು. ಹೆಂಡತಿ ಗಂಟಲು ಸರಿಮಾಡಿಕೊಂಡು, ಹಿಟ್ಟು ಉಳಿದರೆ ಕೊನೆಯ ಚಪಾತಿ ಅವನಿಗೆ ಎಂದಳು. ಹಿಟ್ಟು ಉಳಿಯದ ದಿನವನ್ನು ನಾನಂತೂ ಕಂಡಿಲ್ಲ. ಪ್ರತಿಯೊಬ್ಬರೂ ತಾವೊಬ್ಬರೇ ಗುಟ್ಟಾಗಿ ಕೊಡುವವರು ಎಂದುಕೊಂಡಿದ್ದರು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ನಾಲ್ಕೂ ಕೌಂಟರಿನಲ್ಲಿ ಜಮಾ, ಒಂದರಲ್ಲೂ ಖರ್ಚಿಲ್ಲ.

ನಾಲ್ಕನೆಯ ಕೌಂಟರು ನನ್ನದು. “ನಾನೇನೂ ಕೊಡಲ್ಲಪ್ಪ” ಎಂದೆ. ಬಾದುಷಾ ತಲೆ ಎತ್ತಿ ನನ್ನನ್ನೇ ನೋಡಿದ.

ನಮ್ಮ ಮನೆಯಲ್ಲಿ ಅಮ್ಮ ಬಡಿಸಲು ನಿಂತರೆ ‘ಸಾಕು’ ಎಂಬ ಪದಕ್ಕೆ ಅರ್ಥವಿಲ್ಲ. ಮೊದಲನೆಯ ಸಾಕಿಗೆ ‘ಸಂಕೋಚ ಪಟ್ಕೋಬೇಡ’, ಎರಡನೆಯದಕ್ಕೆ ‘ಯಾಕೆ, ಚೆನ್ನಾಗಿಲ್ವಾ?’, ಮೂರನೆಯದಕ್ಕೆ ‘ನಾನಿನ್ನೆಷ್ಟು ದಿನ ಮಾಡಿ ಹಾಕ್ತೀನೋ’. ನಾಲ್ಕನೆಯ ಸಲ ಸಾಕು ಎನ್ನುವ ಗಂಡು ನಮ್ಮ ವಂಶದಲ್ಲಿ ಹುಟ್ಟಿಲ್ಲ. ಆದ್ದರಿಂದ ಐದು ವರ್ಷದಿಂದ ಒಂದು ವ್ಯವಸ್ಥೆ ಮಾಡಿಕೊಂಡಿದ್ದೆ. ಬಡಿಸಿದ್ದನ್ನೆಲ್ಲ ಹಾಕಿಸಿಕೊಳ್ಳುವುದು, ಅಮ್ಮ ಒಳಗೆ ತಿರುಗಿದೊಡನೆ ಎಡಗೈ ಮೇಜಿನ ಕೆಳಗೆ. ಮೇಲೆ ಮಾತೃವಾಕ್ಯ ಪರಿಪಾಲನೆ, ಕೆಳಗೆ ಪ್ರಾಣಿದಯೆ. ಅಮ್ಮನಿಗೆ ಮಗ ಚೆನ್ನಾಗಿ ತಿಂದ ತೃಪ್ತಿ, ನನಗೆ ಹೊಟ್ಟೆ ಹಗುರ, ಬಾದುಷಾನಿಗೆ ಇಡ್ಲಿ, ಆಂಬೊಡೆ, ಒಬ್ಬಟ್ಟಿನ ಅಂಚು. ಮೂವರಿಗೂ ಲಾಭವಾಗುವ ಇಂಥ ಯೋಜನೆಯಲ್ಲಿ ನಷ್ಟ ಎಲ್ಲೋ ಒಂದು ಕಡೆ ಕೂತಿರುತ್ತದೆ ಎಂದು ಬ್ಯಾಂಕಿನವನಿಗೆ ಹೊಳೆಯಬೇಕಿತ್ತು. ಅದು ಮಂಡಿಯಲ್ಲಿ ಕೂತಿತ್ತು.

ನಮ್ಮೆಲ್ಲರ ಮುಖ ನೋಡಿ ಡಾಕ್ಟರಿಗೇ ಅಯ್ಯೋ ಅನ್ನಿಸಿರಬೇಕು. ಲ್ಯಾಬ್ರಡಾರ್‌ಗಳ ಹಸಿವೆಗೆ ವಂಶವಾಹಿಯ ಕಾರಣವೂ ಉಂಟು ಎಂದರು. 2016ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಕಂಡುಹಿಡಿದದ್ದು: ಈ ಜಾತಿಯ ಸುಮಾರು ಕಾಲುಭಾಗ ನಾಯಿಗಳಲ್ಲಿ ಪಿ.ಒ.ಎಂ.ಸಿ. ಎಂಬ ಜೀನಿನ ಒಂದು ತುಂಡೇ ಇರುವುದಿಲ್ಲ. ಹೊಟ್ಟೆ ತುಂಬಿದೆ ಎಂಬ ಸುದ್ದಿ ಮಿದುಳಿಗೆ ಸರಿಯಾಗಿ ತಲುಪುವುದಿಲ್ಲ. “ಪಾಪ, ಹುಟ್ಟಾ ಹಸಿವು,” ಎಂದು ಅಮ್ಮ ಕಣ್ಣೊರೆಸಿಕೊಂಡಳು. ಮನುಷ್ಯರಲ್ಲೂ ಆ ತುಂಡು ಕಾಣೆಯಾಗಿರುತ್ತದೆಯೇ ಎಂದು ನಾನು ಸಹಜವಾಗಿ ವಿಚಾರಿಸಿದೆ. “ಬಹಳ ಅಪರೂಪ ಸಾರ್” ಎಂದರು. ಕೇಳಬಾರದಿತ್ತು.

ಅಮ್ಮನಿಗೆ ಪಥ್ಯದ ಮಾತೇ ಹಿಡಿಸಲಿಲ್ಲ. ಅನ್ನ ಕಡಿಮೆ ಮಾಡಿದರೆ ಆಯಸ್ಸು ಕಡಿಮೆ ಮಾಡಿದಂತೆ ಎಂಬುದು ಅವಳ ಸಿದ್ಧಾಂತ. ಅದಕ್ಕೂ ಡಾಕ್ಟರ ಬಳಿ ಉತ್ತರವಿತ್ತು. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಹಾಕುತ್ತ ಬದುಕಿರುವತನಕ ನೋಡಿದರಂತೆ. ಕಡಿಮೆ ತಿಂದವು ಹೆಚ್ಚುಕಡಿಮೆ ಎರಡು ವರ್ಷ ಜಾಸ್ತಿ ಬದುಕಿದವು. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, “ಪಕ್ಕದಲ್ಲೇ ಇನ್ನೊಂದು ತಿಂತಿದ್ರೆ ನೋಡ್ಕೊಂಡು ಕೂತಿರ್ಬೇಕಾ ಅದು? ಪಾಪಿಗಳು” ಎಂದಳು.

ಹದಿನೈದು ಕೆ.ಜಿ.ಯೊಳಗಿನ ಚಿಕ್ಕ ನಾಯಿಗಳಾದರೆ ಕೆಲವು ಸಲ ವಿಶ್ರಾಂತಿಯಲ್ಲೇ ಸುಧಾರಿಸಿಕೊಳ್ಳುತ್ತವೆ, ಇವನಿಗೆ ಆಪರೇಷನ್ನೇ ಆಗಬೇಕು ಎಂದರು. ಲೆಕ್ಕ ಹಾಕಿದರೆ ಬಾದುಷಾ ಎರಡೂವರೆ ಚಿಕ್ಕ ನಾಯಿ. ಒಂದು ಕ್ರಮದಲ್ಲಿ ಮಂಡಿಯ ಹೊರಗಿನಿಂದ ಗಟ್ಟಿ ನೈಲಾನ್ ದಾರ ಬಿಗಿಯುತ್ತಾರೆ, ದೊಡ್ಡ ಮೀನು ಹಿಡಿಯುವವರು ಬಳಸುವ ದಾರದ ಜಾತಿಯದೇ. ಮೀನು ಎಂಬ ಪದ ಕಿವಿಗೆ ಬಿದ್ದೊಡನೆ ಅಮ್ಮ ನನ್ನ ಅಂಗಿ ಜಗ್ಗಿದಳು. ಇನ್ನೊಂದು ಕ್ರಮವೇ ಟಿ.ಪಿ.ಎಲ್.ಒ. ಇದನ್ನು ವಿವರಿಸಲು ಡಾಕ್ಟರು ಒಂದು ಫೈಲನ್ನು ಓರೆಯಾಗಿ ಹಿಡಿದು ಅದರ ಮೇಲೆ ಸ್ಟೀಲ್ ಲೋಟ ಇಟ್ಟರು. ಲೋಟ ಜಾರಿತು. ನಾಯಿಯ ಮೊಳಕಾಲಿನ ಮೂಳೆಯ ತಲೆ ಹೀಗೆ ಹಿಂದಕ್ಕೆ ಇಳಿಜಾರಾಗಿದೆ, ಸುಮಾರು 25 ಡಿಗ್ರಿ. ಕಾಲೂರಿದಾಗಲೆಲ್ಲ ತೊಡೆಮೂಳೆ ಅದರ ಮೇಲೆ ಜಾರಲು ನೋಡುತ್ತದೆ, ಹಗ್ಗ ತಡೆಯುತ್ತದೆ. ಈಗ ಹಗ್ಗವಿಲ್ಲ. ಫೈಲನ್ನು ಮಟ್ಟಸಕ್ಕೆ ತಂದರು. ಲೋಟ ನಿಂತಿತು. ಹೊಸ ಹಗ್ಗ ಕಟ್ಟುವ ಬದಲು, ಮೂಳೆಯ ತಲೆಯನ್ನು ದುಂಡು ಗರಗಸದಿಂದ ಕಮಾನಿನಂತೆ ಕೊಯ್ದು, ತಿರುಗಿಸಿ, ಇಳಿಜಾರನ್ನು 5 ಡಿಗ್ರಿಗೆ ತಂದು, ಪ್ಲೇಟು ಸ್ಕ್ರೂ ಹಾಕಿ ಬಿಗಿಯುವುದು.

“ಅಂದ್ರೆ ವಾಟ ಸರಿ ಮಾಡೋದು!” ಎಂದೆ.

ಅಂದು ಇಡೀ ದಿನದಲ್ಲಿ ನಾನಾಡಿದ ಬುದ್ಧಿವಂತಿಕೆಯ ಮಾತು ಅದೊಂದೇ. ಸ್ವಂತ ಮನೆ ಕಟ್ಟಿಸಿದವನಿಗೆ ವಾಟದ ಸಂಕಟವನ್ನು ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಬಚ್ಚಲಿಗೆ ಮೇಸ್ತ್ರಿ ಉಲ್ಟಾ ವಾಟ ಕೊಟ್ಟು, ಹನ್ನೆರಡು ವರ್ಷದಿಂದ ನೀರು ಮೋರಿಯ ಕಡೆಗೆ ಹೋಗದೆ ಬಾಗಿಲಿಗೆ ಬರುತ್ತದೆ. ಅದನ್ನು ಒಡೆಸಿ ಸರಿಮಾಡಿಸಲು ನಾನು ‘ನೋಡೋಣ’ ಎನ್ನುತ್ತಲೇ ಇದ್ದೇನೆ. ಆ ರಾತ್ರಿ ನಿದ್ದೆ ಬರದೆ ಮೊಬೈಲಿನಲ್ಲಿ ಓದಿದೆ. 1952ರಷ್ಟು ಹಿಂದೆಯೇ ಹೆಲ್ಸಿಂಕಿಯ ಪಾಟ್ಸಮಾ ಎಂಬ ವೈದ್ಯರು ನಾಯಿಯ ತೊಡೆಯ ಹೊದಿಕೆಯಿಂದಲೇ ಒಂದು ಪಟ್ಟಿ ಸೀಳಿ ಮಂಡಿಯೊಳಗೆ ಹೊಸ ಹಗ್ಗವಾಗಿ ತೂರಿಸಿದ್ದರು. ಹಗ್ಗದ ಗೊಡವೆ ಬಿಟ್ಟು ವಾಟ ಬದಲಿಸುವ ಈ ಉಪಾಯವನ್ನು 1993ರಲ್ಲಿ ಪ್ರಕಟಿಸಿದವರು ಅಮೆರಿಕದ ಆರೆಗಾನ್‌ನ ಬಾರ್ಕ್ಲೆ ಸ್ಲೋಕಂ. ಪೇಟೆಂಟನ್ನೂ ಪಡೆದಿದ್ದರು. ನಮ್ಮ ಮೇಸ್ತ್ರಿಯ ಉಲ್ಟಾ ವಾಟಕ್ಕೆ ಮಾತ್ರ ಯಾರ ಪೇಟೆಂಟೂ ಇಲ್ಲ. ಬೆಂಗಳೂರಿನ ತುಂಬ ಧಾರಾಳವಾಗಿ ಸಿಗುತ್ತದೆ.

ಖರ್ಚನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಸ್ಕೂಟರನ್ನು ಮಾರಿದ್ದರೂ ಒಂದು ಕಾಲಿಗೆ ಸಾಲುತ್ತಿರಲಿಲ್ಲ ಎಂದರೆ ಸಾಕು. ಎಷ್ಟೆಂದು ಹೇಳಿ ಮುಗಿಸಿದ ಮೇಲೆ ಡಾಕ್ಟರು ಮೆತ್ತಗೆ, “ಒಂದು ಕಾಲಿಂದು ಹೋದ ನಾಯಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮುಂದೆ ಇನ್ನೊಂದು ಕಾಲಿಂದೂ ಹೋಗತ್ತೆ. ತೂಕ ಇಳಿಸಲೇಬೇಕು” ಎಂದರು. ಹೆಂಡತಿ ಆಗ ನನ್ನನ್ನು ನೋಡಿದ ರೀತಿಯಲ್ಲಿ, ಆ ಇನ್ನೊಂದು ಕಾಲು ನಾನೇ ಇರಬೇಕು.

ಗಣೇಶನ ಹಬ್ಬ ಮುಗಿದು, ಮೂರ್ತಿಯನ್ನು ನೀರಿಗೆ ಬಿಟ್ಟ ವಾರವೇ ಆಪರೇಷನ್ ಎಂದು ಗೊತ್ತಾಯಿತು. ಅಮ್ಮನಿಗೆ ಚಿಂತೆಯಿರಲಿಲ್ಲ. “ತಲೇನೇ ಬದಲಾಯಿಸ್ಕೊಂಡ ದೇವರು, ಮಂಡಿ ಕೈಬಿಡ್ತಾನಾ?” ಹಿಂದಿನ ರಾತ್ರಿ ಹತ್ತರ ಮೇಲೆ ಅವನಿಗೆ ಊಟವಿಲ್ಲ; ಅರಿವಳಿಕೆ ಕೊಡುವಾಗ ಹೊಟ್ಟೆ ಖಾಲಿ ಇರಬೇಕು. ಅವನ ಜೊತೆ ನಾನೂ ಉಪವಾಸವಿರುತ್ತೇನೆ ಎಂದು ಘೋಷಿಸಿದೆ. ಬೆಳಿಗ್ಗೆ ಎಂಟೂವರೆಗೆ ಅವನನ್ನು ಒಳಗೆ ಕರೆದುಕೊಂಡು ಹೋದರು. ಎಂಟು ನಲವತ್ತಕ್ಕೆ ನಾನು ಎದುರಿನ ದರ್ಶಿನಿಯಲ್ಲಿ ಮಸಾಲೆದೋಸೆಯ ಮುಂದೆ ನಿಂತು ಅವನಿಗಾಗಿ ಪ್ರಾರ್ಥಿಸುತ್ತಿದ್ದೆ. ಆತಂಕ ಕಡಿಮೆಯಾಗದ್ದರಿಂದ ಒಂದು ಖಾಲಿದೋಸೆಯನ್ನೂ ಹೇಳಿದೆ.

ಎಕ್ಸ್‌ರೇಯಲ್ಲಿ ಬೆಳ್ಳಗೆ ಒಂದು ಪ್ಲೇಟು, ಆರು ಸ್ಕ್ರೂ. ಅದರ ಫೋಟೋವನ್ನು ನೋಡಲು ಮೊದಲು ಬಂದವರು ಎದುರುಮನೆಯ ರಾಯರು. ಎರಡು ವರ್ಷದ ಹಿಂದೆ ಮಂಡಿ ಬದಲಾಯಿಸಿಕೊಂಡವರು. ಇಷ್ಟು ದಿನ ನಮ್ಮ ಬೀದಿಯಲ್ಲಿ ಮಂಡಿಯ ಮಟ್ಟಿಗೆ ಅವರದೇ ಕೊನೆಯ ಮಾತು. ಮೊಬೈಲನ್ನು ಹಿಂದೆಮುಂದೆ ಹಿಡಿದು ನೋಡಿ, “ನನಗೆ ಪೂರ್ತಿ ಹೊಸದೇ ಹಾಕಿದ್ರು. ಇದು ರಿಪೇರಿ ಅಷ್ಟೆ” ಎಂದರು. ಎರಡನೆಯ ದಿನವೇ ಬಾದುಷಾ ಕಾಲ ತುದಿ ನೆಲಕ್ಕೆ ತಾಗಿಸಿದ ಎಂದು ಕೇಳಿ ಅವರ ಮುಖ ಸ್ವಲ್ಪ ಚಿಕ್ಕದಾಯಿತು.

ಮುಂದಿನ ಎಂಟು ವಾರ ಮೆಟ್ಟಿಲಿಲ್ಲ, ಸೋಫಾ ಇಲ್ಲ, ಓಟ, ನೆಗೆತ ಯಾವುದೂ ಇಲ್ಲ. ಕೊಯ್ದ ಮೂಳೆ ಕೂಡಿಕೊಳ್ಳಲು ಅಷ್ಟು ಕಾಲ ಬೇಕು. ಟೈಲ್ಸ್ ಕಾಣದಂತೆ ಹಾಲಿಗೆಲ್ಲ ಯೋಗದ ಚಾಪೆ ಹಾಸಿದೆವು. ಹೋದ ಜೂನ್ 21ರಂದು ಉತ್ಸಾಹದಲ್ಲಿ ಕೊಂಡು ಬಿಚ್ಚದೆ ಇಟ್ಟಿದ್ದ ನನ್ನ ಚಾಪೆಯೂ ಅಂತೂ ಬಿಚ್ಚಿಕೊಂಡಿತು. ರಾತ್ರಿ ಅವನ ಪಕ್ಕ ಮಲಗುವ ಶಿಕ್ಷೆ ಯಾರ ಚರ್ಚೆಯೂ ಇಲ್ಲದೆ ನನಗೇ ಆಯಿತು. ಹೊಲಿಗೆ ನೆಕ್ಕದಿರಲೆಂದು ಕತ್ತಿನ ಸುತ್ತ ಪ್ಲಾಸ್ಟಿಕ್ ಕೋನು. ಅದನ್ನು ಹಾಕಿಕೊಂಡು ಅವನು ಹಾಲಿನಲ್ಲಿ ತಿರುಗಿದರೆ ಹಳೆಯ ಗ್ರಾಮಾಫೋನೊಂದು ತಾನೇ ಎದ್ದು ಮನೆ ನೋಡಲು ಬಂದ ಹಾಗಿರುತ್ತಿತ್ತು. ಮೂರನೆಯ ದಿನ ಅಮ್ಮ ನೆಲದ ಮೇಲೆ ಹರಡಿದ್ದ ಹೂಬತ್ತಿಯನ್ನೆಲ್ಲ ಆ ಕೋನಿನಲ್ಲಿ ಮೊಗೆದುಕೊಂಡು ಹೋಗಿ ಬಚ್ಚಲ ಬಾಗಿಲಲ್ಲಿ ನಿಂತಿದ್ದ ನೀರಿಗೆ ಸುರಿದ. ವಾಟದ ಮಾತು ಮತ್ತೆ ಬಂತು.

ದಿನಕ್ಕೆ ಮೂರು ಸಲ, ಐದೈದು ನಿಮಿಷ, ಹಗ್ಗ ಹಿಡಿದು ನಿಧಾನವಾಗಿ ನಡೆಸಬೇಕು. ಜಾರದಂತೆ ಹೊಟ್ಟೆಯ ಕೆಳಗೆ ಬಟ್ಟೆ ಕೊಟ್ಟು ಮೇಲಿನಿಂದ ಹಿಡಿದಿರಬೇಕು. ಟವೆಲು ಗಿಡ್ಡವಾಯಿತು, ದುಪಟ್ಟಾ ಜಾರಿತು. ಕೊನೆಗೆ ಅವನ ಗಾತ್ರಕ್ಕೆ ಒದಗಿದ್ದು ನನ್ನ ಮದುವೆಯ ಜರಿಪಂಚೆ. ನಿತ್ಯ ಬೆಳಿಗ್ಗೆ ಆರೂವರೆಗೆ, ಜರಿಯಂಚಿನ ಜೋಲಿಯಲ್ಲಿ ಹಿಂಭಾಗ ಇಟ್ಟುಕೊಂಡು, ಗ್ರಾಮಾಫೋನಿನೊಳಗಿಂದ ಎಡಬಲ ನೋಡುತ್ತ ಬಾದುಷಾ ಬೀದಿಗಿಳಿಯುತ್ತಿದ್ದ. ಹಿಂದೆ ಪಂಚೆಯ ಎರಡು ತುದಿ ಹಿಡಿದು ಬಗ್ಗಿಕೊಂಡು ನಾನು. ಎದುರಿನಿಂದ ಕೋಲೂರಿಕೊಂಡು ರಾಯರು. ಹಾಲಿನವನು ಬೈಕ್ ನಿಲ್ಲಿಸಿ ನಮಗೆ ದಾರಿ ಬಿಡುತ್ತಿದ್ದ. ಉತ್ಸವ ಹೋಗುವಾಗ ಅಡ್ಡ ಬರಬಾರದು ಎಂಬ ಸಂಸ್ಕಾರ.

ಪಥ್ಯದ ಉಸ್ತುವಾರಿ ಹೆಂಡತಿಯದು. ಅಡುಗೆಮನೆಯ ಪುಟ್ಟ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ಊಟ, ಜೊತೆಗೆ ಬೇಯಿಸಿದ ಹುರುಳಿಕಾಯಿ, ಸೌತೆಕಾಯಿ ಹೋಳು. ಅಮ್ಮನ ಹಾಲನ್ನ ಬಂದ್, ಮಗಳ ಚೀಸು ಬಂದ್, ಕೊನೆಯ ಚಪಾತಿ ಬಂದ್. ನಾವು ಊಟಕ್ಕೆ ಕೂತಾಗ ಬಾದುಷಾನನ್ನು ಕೋಣೆಯಲ್ಲಿಟ್ಟು ಬಾಗಿಲು ಹಾಕುತ್ತಿದ್ದರು. ಅಮ್ಮನ ಉಪಚಾರ ಮಾತ್ರ ಬಂದ್ ಆಗಲಿಲ್ಲ. ನಾಯಿಗೆ ಹಾಕಲಾಗದ ಸಂಕಟವೂ ಸೇರಿ ಅದು ಜಾಸ್ತಿಯೇ ಆಯಿತು. ಅಭ್ಯಾಸಬಲದಿಂದ ನನ್ನ ಎಡಗೈ ಮೇಜಿನ ಕೆಳಗೆ ಹೋಗುತ್ತಿತ್ತು. ಅಲ್ಲಿ ಯಾರೂ ಇಲ್ಲ. ಅಂಗೈಯಲ್ಲಿ ಅರ್ಧ ಆಂಬೊಡೆ. ಎಸೆದರೆ ಅನ್ನಕ್ಕೆ ಅವಮಾನ, ತಟ್ಟೆಗೆ ವಾಪಸಿಟ್ಟರೆ ಅಮ್ಮ ನೋಡುತ್ತಾಳೆ. ಪಿತೃಪಕ್ಷ ಬಂತು, ವಡೆ. ನವರಾತ್ರಿ ಬಂತು, ಬೊಂಬೆ ಕೂರಿಸಿದ ಮನೆಯಲ್ಲಿ ಒಂಬತ್ತು ದಿನ ಒಂಬತ್ತು ಬಗೆಯ ಚರುಪು. ಬೀದಿಯ ಇಸ್ತ್ರಿಯವನು ನನ್ನ ಪ್ಯಾಂಟುಗಳನ್ನು ಒಂದೊಂದಾಗಿ ಕುಗ್ಗಿಸತೊಡಗಿದ್ದೂ ಇದೇ ದಿನಗಳಲ್ಲಿ. ಎರಡು ಸಲ ಜಗಳವಾಡಿದೆ.

ತೂಕ ನೋಡುವುದಕ್ಕೆ ಹೆಂಡತಿ ಮೊದಲ ದಿನವೇ ಒಂದು ಸೂತ್ರ ಮಾಡಿದ್ದಳು. ನಾಯಿ ಮನೆಯ ತಕ್ಕಡಿಯ ಮೇಲೆ ನಿಲ್ಲುವುದಿಲ್ಲ. ನಾನು ಅವನನ್ನು ಎತ್ತಿಕೊಂಡು ನಿಲ್ಲಬೇಕು, ಒಟ್ಟು ತೂಕದಲ್ಲಿ ನನ್ನದನ್ನು ಕಳೆಯಬೇಕು. ಮಾರ್ಚಿನಲ್ಲಿ ಬ್ಯಾಂಕಿನವರು ಮಾಡಿಸಿದ ತಪಾಸಣೆಯಲ್ಲಿ ನನ್ನ ತೂಕ 82. ಮೊದಲ ಸಲ ಒಟ್ಟು 120 ಬಂತು. 82 ಕಳೆದರೆ 38. ಆಸ್ಪತ್ರೆಯ ಲೆಕ್ಕಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಫ್ರಿಜ್ಜಿನ ಬಾಗಿಲಿಗೆ ಒಂದು ಗ್ರಾಫ್ ಹಾಳೆ ಅಂಟಿತು. ಭಾನುವಾರಕ್ಕೊಮ್ಮೆ, ಒಂದು ಕೈ ಅವನ ಎದೆಗೆ, ಇನ್ನೊಂದು ತೊಡೆಯ ಹಿಂದಕ್ಕೆ ಕೊಟ್ಟು, ಡಾಕ್ಟರು ಹೇಳಿಕೊಟ್ಟಂತೆ ಎತ್ತಿ ನಿಲ್ಲುತ್ತಿದ್ದೆ. ಕೋನು ನನ್ನ ಮುಖಕ್ಕೆ ಅಮರಿಕೊಂಡು ಅಂಕಿ ನನಗೆ ಕಾಣುತ್ತಿರಲಿಲ್ಲ. ಅವಳು ಬಗ್ಗಿ ಓದಿ, ಕಳೆದು, ಚುಕ್ಕೆ ಇಡುತ್ತಿದ್ದಳು. 38. ಮೂವತ್ತೇಳೂವರೆ. ನವರಾತ್ರಿಯ ವಾರ ಮತ್ತೆ 38. ಕೊನೆಗೆ 37. ಗ್ರಾಫು ನಮ್ಮ ಬಚ್ಚಲಿನ ನೀರಿನ ಹಾಗೆ, ಇಳಿಯುವ ಲಕ್ಷಣವೇ ಇಲ್ಲ.

“ಇಷ್ಟು ಪಥ್ಯ ಮಾಡಿ ಒಂದೇ ಕೆ.ಜಿ.ನಾ? ಯಾರೋ ಕದ್ದು ಹಾಕ್ತಿದ್ದಾರೆ,” ಎಂದಳು. ‘ಯಾರೋ’ ಎಂದಾಗ ಮೂರು ಜೊತೆ ಕಣ್ಣು ನನ್ನ ಕಡೆ ತಿರುಗಿದವು. ನಾನು ದೇವರಮನೆಯ ಮುಂದೆ ನಿಂತು ಪ್ರಮಾಣ ಮಾಡಿದೆ. ಅಮ್ಮನ ಮೇಲೆ ಆಣೆ ಹಾಕಹೋದಾಗ ಅಮ್ಮನೇ ತಡೆದಳು. ಬದುಕಿನಲ್ಲಿ ಮೊದಲ ಬಾರಿಗೆ ನಾನು ನಿಜವಾಗಿ ನಿರಪರಾಧಿಯಾಗಿದ್ದೆ, ನಂಬುವವರು ಯಾರೂ ಇರಲಿಲ್ಲ. ಮಗಳು ಊಟದ ಮೇಜಿನ ಕೆಳಗೆ ಮೊಬೈಲಿಟ್ಟು ರೆಕಾರ್ಡು ಮಾಡಿದಳು. ಒಂದು ಕೈ ಕೆಳಗೆ ಬರುವುದು, ತಡಕಾಡುವುದು, ಖಾಲಿಯಾಗದೆ ಹಾಗೇ ಮೇಲೆ ಹೋಗುವುದು ಅದರಲ್ಲಿ ಹನ್ನೊಂದು ಸಲ ಇತ್ತು. “ಕೊಟ್ಟಿಲ್ವಲ್ಲ!” ಎಂದು ಅದನ್ನೇ ಸಾಕ್ಷಿಯಾಗಿ ಎಲ್ಲರಿಗೂ ತೋರಿಸಿದೆ.

ದೀಪಾವಳಿಗೆ ಮೂರು ದಿನ ಮುಂಚೆ ಎಂಟನೆಯ ವಾರದ ಎಕ್ಸ್‌ರೇ. ಅಂದು ಬೆಳಿಗ್ಗೆ ಮನೆಯಲ್ಲಿ ತೂಗಿದಾಗಲೂ ಒಟ್ಟು 119. ಹೆಂಡತಿ ಆ ಗ್ರಾಫ್ ಹಾಳೆಯನ್ನೇ ಮಡಿಸಿ ಚೀಲದಲ್ಲಿಟ್ಟುಕೊಂಡು ಬಂದಳು, ಡಾಕ್ಟರಿಗೆ ದೂರು ಕೊಡಲು.

ಮೂಳೆ ಚೆನ್ನಾಗಿ ಕೂಡಿದೆ ಎಂದರು. ತೊಡೆಯ ಮಾಂಸ ತುಂಬಿಕೊಳ್ಳುತ್ತಿದೆ, ಇನ್ನು ದಿನದಿನಕ್ಕೆ ನಡಿಗೆ ಹೆಚ್ಚಿಸಬಹುದು. ಆಮೇಲೆ ಬಾದುಷಾನನ್ನು ಬಾಗಿಲ ಬಳಿಯ ಆ ಅಗಲದ ತಕ್ಕಡಿಯ ಮೇಲೆ ನಿಲ್ಲಿಸಿದರು. ಅವನು ನಾಲ್ಕೂ ಕಾಲನ್ನು ನೆಟ್ಟಗೆ ಊರಿ ನಿಂತ. 33.

“ಸೂಪರ್! ಐದು ಕೆ.ಜಿ.!” ಎಂದರು ಡಾಕ್ಟರು. “ಇಷ್ಟು ಚೆನ್ನಾಗಿ ಪಥ್ಯ ಮಾಡಿಸಿದ ಮನೆಯವರನ್ನ ನಾನು ನೋಡೇ ಇಲ್ಲ.”

ಅಮ್ಮ ಕೈಮುಗಿದಳು. ಮಗಳು ಫೋಟೋ ತೆಗೆದಳು. ನಾನು ಗೆದ್ದವನ ಗತ್ತಿನಲ್ಲಿ ಹೆಂಡತಿಯ ಕಡೆ ತಿರುಗಿದೆ. ಅವಳು ಮಡಿಸಿದ ಹಾಳೆಯನ್ನು ಬಿಡಿಸಿಕೊಂಡು ನಿಂತಿದ್ದಳು. ಉತ್ತರಪತ್ರಿಕೆ ತಿದ್ದುವಾಗ ಅಂಕ ಕೂಡುತ್ತಾಳಲ್ಲ, ಹಾಗೆ ತುಟಿ ಸದ್ದಿಲ್ಲದೆ ಅಲುಗಾಡುತ್ತಿತ್ತು. ಬ್ಯಾಂಕಿನಲ್ಲಿ ನಲವತ್ತು ಪೈಸೆ ತಾಳೆಯಾಗದಿದ್ದರೆ ರಾತ್ರಿ ಎಂಟರವರೆಗೆ ಕೂತು ಹುಡುಕುವವನು ನಾನು. ಈ ವ್ಯತ್ಯಾಸ ಎಲ್ಲಿದೆ ಎಂದು ನನಗೂ ಆ ಕ್ಷಣದಲ್ಲೇ ಸಿಕ್ಕಿತು.

“ರೀ,” ಎಂದಳು, ತುಂಬ ಮೃದುವಾಗಿ. “ನೀವೂ ಒಂದ್ಸಲ ನಿಂತ್ಕೊಳ್ಳಿ.”

“ಇದು ಪ್ರಾಣಿಗಳಿಗೆ ಕಣೇ.”

“ಪರವಾಗಿಲ್ಲ ಸಾರ್, 200 ಕೆ.ಜಿ. ತನಕ ತಡಿಯತ್ತೆ,” ಎಂದ ಕಾಂಪೌಂಡರು, ತಕ್ಕಡಿಯನ್ನು ಸೊನ್ನೆಗೆ ತರುತ್ತ.

ಬಾದುಷಾ ಇಳಿದು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ಎರಡೂ ಹಿಂಗಾಲನ್ನು ಅಂದವಾಗಿ ಮಡಿಸಿ ನೆಟ್ಟಗೆ ಕೂತ. ನಾನು ಚಪ್ಪಲಿ ಬಿಟ್ಟೆ. ಮೊಬೈಲು, ಪರ್ಸು, ಬೀಗದ ಕೈ ತೆಗೆದು ಮಗಳ ಕೈಗೆ ಕೊಟ್ಟೆ. ಬೆಲ್ಟು ಬಿಚ್ಚಿದೆ. ಆಮೇಲೆ ಕನ್ನಡಕವನ್ನೂ ತೆಗೆದು ಕೊಟ್ಟೆ.